ಆಟಕ್ಕೆ ಬೇರೆ ಮಣೆ ಬೇಕು

ಕೈಯಲ್ಲಿ ಫೋನಿರುವಾಗ ಆಟಕ್ಕೆಂದು ಮತ್ತೊಂದು ಯಂತ್ರವನ್ನು ದುಡ್ಡು ಕೊಟ್ಟು ತರುವುದು ಶುದ್ಧ ದಡ್ಡತನ ಎಂಬ ಮಾತು ಈಗ ವಾದವಾಗಿ ಉಳಿದಿಲ್ಲ. ಗಾದೆಯ ಗೌರವವನ್ನೇ ಪಡೆದುಬಿಟ್ಟಿದೆ. ಬೆಂಗಳೂರಿನಲ್ಲಿ ಈ ಮಾತನ್ನಾಡುವವರು ಕಂಪೆನಿಗಳಲ್ಲಿ ದುಡಿಯುವ ತರುಣರು. ನಮ್ಮ ಕಾಣಿಯೂರಿನಲ್ಲಿ ಆಡುವವರು ಅಡಕೆ ತೋಟದ ಯಜಮಾನರು. ವಯಸ್ಸು, ವಿದ್ಯೆ, ಉಡುಪು ಇವುಗಳಲ್ಲಿ ಇಷ್ಟು ಅಂತರವಿರುವ ಎರಡು ವರ್ಗದವರು ಒಂದೇ ಮಾತನ್ನು ಒಂದೇ ಧಾಟಿಯಲ್ಲಿ ಹೇಳತೊಡಗಿದರೆ, ಆ ಮಾತನ್ನು ಒಮ್ಮೆ ಮಗುಚಿ ಹಾಕಿ ನೋಡುವುದು ಒಳ್ಳೆಯದು. ನಾನು ನೋಡಿದ್ದೇನೆ. ಅದು ತಪ್ಪು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಆ ತಪ್ಪಿಗೆ ಬೆಲೆ ತೆರುತ್ತಿರುವವರಾದರೋ ಮಾತನ್ನಾಡಿದವರ ಮಕ್ಕಳು.

ಕಾಣಿಯೂರನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಲ್ಲಿ ಸವಣೂರನ್ನು ದಾಟಿದ ಮೇಲೆ ಸಿಗುವ ಊರು ಅದು. ಹಿಂದೆ ಪುತ್ತೂರು ತಾಲೂಕಿಗೆ ಸೇರಿತ್ತು, ಈಗ ಕಡಬಕ್ಕೆ ಸೇರಿದೆ. ಮಂಗಳೂರು-ಸುಬ್ರಹ್ಮಣ್ಯ ರೈಲುದಾರಿಯಲ್ಲಿ ಅದರ ಹೆಸರಿನದೊಂದು ಪುಟ್ಟ ನಿಲ್ದಾಣವೂ ಇದೆ. ಅಡಕೆ, ತೆಂಗು, ರಬ್ಬರು, ಒಂದಿಷ್ಟು ಕಾಳುಮೆಣಸು, ಮತ್ತು ವರ್ಷಕ್ಕೆ ನಾಲ್ಕು ತಿಂಗಳು ಹಿಡಿದ ಮಳೆ. ಅಲ್ಲಿ ನನ್ನ ಅಕ್ಕನ ಮನೆಯಿದೆ. ಅಕ್ಕನ ಮೊಮ್ಮಗನಿಗೆ ಈಗ ೧೨ ವರ್ಷ. ಹೋದ ವರ್ಷ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಅವನು ನಿಂಟೆಂಡೊ ಸ್ವಿಚ್ ಎಂಬ ಕೈಯಾಟದ ಯಂತ್ರವನ್ನು ಕಂಡು, ಊರಿಗೆ ಮರಳಿದ ಮೇಲೆ ಅದು ತನಗೂ ಬೇಕೆಂದು ಹಟ ಹಿಡಿದ. ಅವನ ಅಪ್ಪ ಲೆಕ್ಕ ಹಾಕಿದ. ಯಂತ್ರಕ್ಕೆ ಇಷ್ಟು ಸಾವಿರ. ಅದರಲ್ಲಿ ಆಡಲು ಒಂದೊಂದು ಆಟಕ್ಕೂ ಮತ್ತೆ ಇಷ್ಟಿಷ್ಟು ಸಾವಿರ. ಫೋನಿನಲ್ಲಾದರೆ ಆಟಕ್ಕೆ ಸೊನ್ನೆ. ಸೊನ್ನೆಗಿಂತ ಕಡಿಮೆಯ ಬೆಲೆ ಲೋಕದಲ್ಲಿ ಇಲ್ಲವಾದ್ದರಿಂದ ಚರ್ಚೆ ಅಲ್ಲಿಗೇ ಮುಗಿಯಿತು. 'ಸಂಜೆ ನನ್ನ ಫೋನಿನಲ್ಲಿ ಆಡು' ಎಂದ ಅಪ್ಪ.

ಸೊನ್ನೆಯ ಲೆಕ್ಕ ಆರು ತಿಂಗಳಲ್ಲಿ ೯ ಸಾವಿರ ರೂಪಾಯಿಯ ಮೇಲೆ ಬಂದು ನಿಂತಿತು. ಎಂಬತ್ತು, ನೂರು, ಇನ್ನೂರು ಹೀಗೆ ಸಣ್ಣ ಸಣ್ಣ ತುತ್ತುಗಳಲ್ಲಿ ಹೋದ ಹಣ. ಅಡಕೆ ಮಾರಿದ ದುಡ್ಡು ಬ್ಯಾಂಕಿನಲ್ಲಿ, ಬ್ಯಾಂಕು ಫೋನಿನಲ್ಲಿ, ಆಟವೂ ಫೋನಿನಲ್ಲಿ. ಮನೆಯಲ್ಲಿ ಫೋನನ್ನು ಸರಿಯಾಗಿ ಒತ್ತಲು ಬರುವವನು ಆ ಹುಡುಗನೊಬ್ಬನೇ. ಅಂಗಡಿಯಲ್ಲಿ ಅಜ್ಜಿಗೆ ಸಾಮಾನು ಕೊಂಡಾಗ ಹಣ ಕಳಿಸುವವನೂ ಅವನೇ. ಗುಪ್ತಸಂಖ್ಯೆ ಅವನಿಗೆ ತಿಳಿದಿದ್ದುದು ಮನೆಮಂದಿಗೆ ಅಲ್ಲಿಯವರೆಗೆ ಅಪರಾಧವಾಗಿ ಕಂಡಿರಲಿಲ್ಲ, ಸೌಕರ್ಯವಾಗಿತ್ತು. ಸಂಗತಿ ಹೊರಬಿದ್ದ ದಿನ ಅವನ ಬೆನ್ನಿಗೆ ಎರಡು ಬಿತ್ತು. ಮರುದಿನದಿಂದ ಮನೆಯಲ್ಲಿ 'ಆಟ' ಎಂಬ ಶಬ್ದವೇ ನಿಷೇಧವಾಯಿತು. ಮೂರನೆಯ ದಿನ ಶಾಲೆಯ ಮನೆಗೆಲಸ ನೋಡಬೇಕೆಂದು ಅದೇ ಫೋನು ಮತ್ತೆ ಅವನ ಕೈಗೆ ಬಂತು.

ನನ್ನ ತಕರಾರು ಇರುವುದು ಈ ಮೂರನೆಯ ದಿನದ ಮೇಲೆ. ಹುಡುಗನ ಮೇಲೂ ಅಲ್ಲ, ಅಪ್ಪನ ಮೇಲೂ ಅಲ್ಲ.

ನಮ್ಮ ತುಳುನಾಡಿನಲ್ಲಿ ಆಟಕ್ಕೆಂದೇ ಮಾಡಿದ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಯಂತ್ರವೊಂದು ಬಹಳ ಹಿಂದಿನಿಂದಲೇ ಇದೆ. ಅದನ್ನು ಯಂತ್ರವೆಂದು ಕರೆದುದಕ್ಕೆ ಯಾರೂ ಮುನಿಯಬಾರದು. ಅದೇ ಚೆನ್ನೆಮಣೆ; ಘಟ್ಟದ ಮೇಲಿನವರ ಅಳಗುಳಿಮಣೆ. ಒಂದು ಮರದ ಹಲಗೆ, ಸಾಲಿಗೆ ೭ರಂತೆ ೧೪ ಗುಳಿ, ಗುಳಿಗೆ ೪ರಂತೆ ೫೬ ಕಾಯಿ. ಕಾಯಿಯೆಂದರೆ ಮಂಜೊಟ್ಟಿಯ ಹೊಳೆಯುವ ಕೆಂಪು ಬೀಜ. ಒಂದು ಗುಳಿಯ ಕಾಯಿಗಳನ್ನು ಬಾಚಿಕೊಂಡು ಒಂದೊಂದಾಗಿ ಮುಂದಿನ ಗುಳಿಗಳಿಗೆ ಬಿತ್ತುತ್ತ ಹೋಗಬೇಕು. ಕೈ ಬರಿದಾದ ಮೇಲೆ ಎದುರಿಗೆ ಖಾಲಿ ಗುಳಿ ಸಿಕ್ಕರೆ ಅದರ ಆಚೆಯ ಗುಳಿಯಲ್ಲಿದ್ದುದು ನಿಮ್ಮದು. ಲೆಕ್ಕ ಬರುವವನು ಗೆಲ್ಲುತ್ತಾನೆ. ಬರದವನಿಗೆ ಆಟವೇ ಲೆಕ್ಕ ಕಲಿಸುತ್ತದೆ. ಸೀತೆಯಾಟವೆಂದು ಒಬ್ಬರೇ ಕೂತು ಆಡುವ ಬಗೆಯೂ ಉಂಟು. ಅಶೋಕವನದಲ್ಲಿ ಸೀತೆ ಹಾಗೆ ಆಡುತ್ತ ಹೊತ್ತು ಕಳೆದಳೆಂದು ಹಿರಿಯರು ಹೇಳುತ್ತಾರೆ. ಒಂಟಿಯಾಗಿ ಆಡುವವರನ್ನು ಕಂಡು ಈ ಕಾಲ ಕೆಟ್ಟಿತೆನ್ನುವವರು ಇದನ್ನು ಗಮನಿಸಬೇಕು.

ಈ ಮಣೆಯಿಂದ ಮತ್ತೆ ಯಾವ ಕೆಲಸವೂ ಆಗುವುದಿಲ್ಲ. ಅದರ ಮೇಲೆ ಕೂತು ತೆಂಗಿನಕಾಯಿ ತುರಿಯುವಂತಿಲ್ಲ, ಹಲಸಿನಕಾಯಿ ಕೊಚ್ಚುವಂತಿಲ್ಲ, ಅತಿಥಿಗೆ ಊಟಕ್ಕೆ ಹಾಕುವಂತಿಲ್ಲ. ಅಷ್ಟು ನಿಷ್ಪ್ರಯೋಜಕವಾದ ವಸ್ತುವಿಗೆ ಎಷ್ಟು ಕಟ್ಟುಪಾಡುಗಳಿದ್ದವೆಂದು ನೋಡಿ. ಅದನ್ನು ಆಡುವುದು ಆಟಿ ತಿಂಗಳಿನಲ್ಲಿ. ನೇಜಿ ನೆಟ್ಟು ಮುಗಿದಿದೆ, ಹೊರಗೆ ಕಾಲಿಡಲಾರದ ಮಳೆ, ಮನೆಯಲ್ಲಿ ಅಕ್ಕಿಯೂ ಕಡಿಮೆ, ಹಲಸಿನ ಬೀಜ, ಕೆಸು, ತಗಟೆ ಸೊಪ್ಪುಗಳಲ್ಲಿ ದಿನ ದೂಡುವ ಕಾಲ. ಆಗ ಮಣೆ ಅಟ್ಟದಿಂದ ಇಳಿಯುತ್ತಿತ್ತು. ಸೋಣ ಬಂತೆಂದರೆ ಮತ್ತೆ ಅಟ್ಟಕ್ಕೆ. ಆಟಿಯ ಹೊರಗೆ ಆಡಿದರೆ ಕೇಡೆಂದು ಹೆದರಿಸುತ್ತಿದ್ದರು. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂಬ ವಿಧಿ ಬೇರೆ.

ಈ ವಿಧಿಗೆ ಕಾರಣವಾದ ಕಥೆ ಸಿರಿಯ ಪಾಡ್ದನದಲ್ಲಿದೆ. ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಗೋಪಾಲ ನಾಯ್ಕರ ಬಾಯಿಂದ ಈ ಪಾಡ್ದನವನ್ನು ೧೯೯೦ರಲ್ಲಿ ಧ್ವನಿಮುದ್ರಿಸಿಕೊಂಡು ೧೯೯೮ರಲ್ಲಿ ಪ್ರಕಟಿಸಿದರು. ಹದಿನೈದು ಸಾವಿರಕ್ಕೂ ಮಿಕ್ಕಿದ ಸಾಲುಗಳು. ಅದರಲ್ಲಿ ಅಬ್ಬಗ, ದಾರಗ ಎಂಬ ಅವಳಿ ಹುಡುಗಿಯರು ಬರುತ್ತಾರೆ. ಹಿರಿಯರಿಲ್ಲದ ಹೊತ್ತಿನಲ್ಲಿ ಚೆನ್ನೆಗೆ ಕೂರುತ್ತಾರೆ. ಸೋಲುಗೆಲುವಿನ ಮಾತು ಬೆಳೆಯುತ್ತದೆ. ಒಬ್ಬಳು ಅದೇ ಮಣೆಯನ್ನೆತ್ತಿ ಇನ್ನೊಬ್ಬಳಿಗೆ ಹೊಡೆಯುತ್ತಾಳೆ, ಅವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಎರಡು ಎಳೆಯ ಜೀವಗಳು, ೫೬ ಬೀಜಗಳ ದೆಸೆಯಿಂದ.

'ಹಿಂದಿನ ಆಟಗಳೆಲ್ಲ ಎಷ್ಟು ಮುಗ್ಧ, ಈಗಿನವು ಎಷ್ಟು ಕ್ರೂರ' ಎಂದು ಭಾಷಣ ಮಾಡುವ ಮಹನೀಯರ ಬಾಯಿ ಮುಚ್ಚಿಸಲು ನಾನು ಈ ಕಥೆಯನ್ನು ಹೇಳುವುದುಂಟು. ಆಟ ಎಂದೂ ಮುಗ್ಧವಾಗಿರಲಿಲ್ಲ. ಪಗಡೆಯಿಂದ ಒಂದು ರಾಜ್ಯವೇ ಹೋದ ಕಥೆಯನ್ನು ರಾತ್ರಿಯಿಡೀ ಯಕ್ಷಗಾನದಲ್ಲಿ ನೋಡಿದ ಜನ ನಾವು. ಕೋಳಿ ಅಂಕದಲ್ಲಿ ತೋಟವನ್ನೇ ಅಡವಿಟ್ಟವರ ಕಥೆಗಳು ಊರೂರಿಗೂ ಇವೆ. ನಮ್ಮ ಹಿರಿಯರಿಗೆ ಆಟದ ಬಲ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಚೆನ್ನೆಗೆ ಒಂದು ತಿಂಗಳನ್ನು ಕೊಟ್ಟರು, ಒಂದು ಹಲಗೆಯನ್ನು ಕೊಟ್ಟರು, ಉಳಿದ ೧೧ ತಿಂಗಳಿಗೆ ಅಟ್ಟದ ಮೂಲೆಯನ್ನು ಕೊಟ್ಟರು. ಆಟವನ್ನು ಅಟ್ಟಕ್ಕೆ ಹಾಕಲು ಸಾಧ್ಯವಾದದ್ದು ಅದು ಬೇರೆಯೇ ಒಂದು ವಸ್ತುವಾಗಿದ್ದುದರಿಂದ. ತೆಂಗಿನಕಾಯಿ ತುರಿಯುವ ಮಣೆಯ ಮೇಲೆಯೇ ಆ ೧೪ ಗುಳಿಗಳನ್ನು ಕೊರೆದಿದ್ದರೆ, ಸೋಣ ಬಂದಾಗ ಅಜ್ಜಿ ಏನನ್ನು ಅಟ್ಟಕ್ಕೆ ಹಾಕುತ್ತಿದ್ದಳು?

ಇಂದು ಆಗಿರುವುದು ಇದೇ. ಫೋನನ್ನು ಅಟ್ಟಕ್ಕೆ ಹಾಕುವಂತಿಲ್ಲ. ಅದರೊಳಗೆ ಬ್ಯಾಂಕಿದೆ, ಶಾಲೆಯಿದೆ, ಕ್ಯಾಂಪ್ಕೋದ ಅಡಕೆ ದರವಿದೆ, ಮಂಗಳೂರಿನ ಡಾಕ್ಟರರಿದ್ದಾರೆ, ದುಬೈಯಲ್ಲಿರುವ ಮಗಳ ಮುಖವಿದೆ. ಈ ಎಲ್ಲದರ ನಡುವೆ ಆಟದ ಅಂಗಡಿಯೂ ಬಾಗಿಲು ತೆರೆದು ಕೂತಿದೆ. ಶಾಲೆಯ ಕಟ್ಟಡದೊಳಗೆ ಒಂದು ಕೋಣೆಯನ್ನು ಸಾರಾಯಿ ಅಂಗಡಿಗೆ ಬಾಡಿಗೆಗೆ ಕೊಟ್ಟು, 'ಮಕ್ಕಳೇ, ಆ ಕಡೆ ನೋಡಬೇಡಿ' ಎಂದು ನೀತಿ ಹೇಳುವ ಊರು ಎಲ್ಲಾದರೂ ಇದೆಯೇ? ನಮ್ಮ ಮನೆಗಳಲ್ಲಿ ಇದೆ.

ಮಕ್ಕಳ ಕೈಗೆ ಫೋನು ಹೇಗೆ ಬಂತೆಂಬುದನ್ನೂ ಮರೆಯಬಾರದು. ಅವರು ಕದ್ದುಕೊಂಡದ್ದಲ್ಲ. ೨೦೨೦ರಲ್ಲಿ ಕೊರೋನದಿಂದ ಶಾಲೆ ಮುಚ್ಚಿದಾಗ ನಾವೇ ಕೊಟ್ಟೆವು, ಬಲವಂತವಾಗಿ ಕೊಟ್ಟೆವು. ೨೦೨೧ರ ಮಳೆಗಾಲದಲ್ಲಿ ನಮ್ಮ ಪಕ್ಕದ ಸುಳ್ಯ ತಾಲೂಕಿನಿಂದ ಬಂದ ಒಂದು ಚಿತ್ರ ದೇಶವನ್ನೆಲ್ಲ ಸುತ್ತಿತು. ಸಂಕೇತ ಸಿಗುವ ಜಾಗವನ್ನು ಹುಡುಕಿ ರಸ್ತೆಬದಿಯಲ್ಲಿ ಕೂತು ಪಾಠ ಕೇಳುತ್ತಿರುವ ಹುಡುಗಿ. ಸುರಿಯುವ ಮಳೆಯಲ್ಲಿ ಅವಳ ತಲೆಗೆ ಕೊಡೆ ಹಿಡಿದು ನಿಂತ ತಂದೆ. ನೋಡಿದವರ ಕಣ್ಣು ತೇವವಾಯಿತು, ನನ್ನದೂ ಆಯಿತು. ಅಂಥ ಕಷ್ಟದಿಂದ ವಿದ್ಯೆಗಾಗಿ ಮನೆಗೆ ತಂದ ವಸ್ತು ಅದು. ಪಾಠ ಶಾಲೆಗೆ ಮರಳಿತು. ಫೋನು ಮಾತ್ರ ಮನೆಯಲ್ಲೇ ಉಳಿಯಿತು.

ಇನ್ನು ಆಟದ ಯಂತ್ರಗಳ ಕಡೆ ಬರೋಣ. ನಿಂಟೆಂಡೊ ಕಂಪೆನಿ ಹುಟ್ಟಿದ್ದು ೧೮೮೯ರಲ್ಲಿ, ಜಪಾನಿನ ಕ್ಯೋಟೊ ನಗರದಲ್ಲಿ, ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡುವ ಅಂಗಡಿಯಾಗಿ. ಅದರಲ್ಲಿ ಕೆಲಸಕ್ಕಿದ್ದ ಗುನ್ಪೆಯ್ ಯೊಕೊಯ್ ಎಂಬಾತ ರೈಲಿನಲ್ಲಿ ಹೋಗುವಾಗ, ಬೇಸರಕ್ಕೆ ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತ ಕೂತಿದ್ದ ಒಬ್ಬ ಗೃಹಸ್ಥನನ್ನು ಕಂಡನಂತೆ. ಅದರಿಂದ ಹುಟ್ಟಿದ್ದು ೧೯೮೦ರ 'ಗೇಮ್ ಅಂಡ್ ವಾಚ್'. ಮುಂದೆ ೧೯೮೯ರಲ್ಲಿ ಗೇಮ್ ಬಾಯ್. ಯೊಕೊಯ್‌ಯ ತತ್ತ್ವ ನನಗೆ ಬಹಳ ಹಿಡಿಸಿದೆ: ಹೊಸ ತಂತ್ರವನ್ನು ಬೆನ್ನಟ್ಟಬೇಡ, ಹಳಸಿ ಅಗ್ಗವಾದ ತಂತ್ರಕ್ಕೆ ಹೊಸ ಉಪಯೋಗವನ್ನು ಹುಡುಕು. ಗೇಮ್ ಬಾಯ್‌ನ ಪರದೆಗೆ ಬಣ್ಣವಿರಲಿಲ್ಲ, ಒಳಗೆ ಬೆಳಕಿರಲಿಲ್ಲ. ಕೊಳದ ಪಾಚಿಯ ಹಸಿರಿನಲ್ಲಿ ಕರಿಯ ಚುಕ್ಕೆಗಳು ಓಡಾಡುತ್ತಿದ್ದವು. ಪ್ರತಿಸ್ಪರ್ಧಿಗಳಾದ ಸೆಗಾ, ಅಟಾರಿಗಳು ಬಣ್ಣದ ಪರದೆಯನ್ನೇ ತಂದವು. ಸೆಗಾದ ಯಂತ್ರ ಆರು ಸೆಲ್ಲುಗಳನ್ನು ನಾಲ್ಕೈದು ಗಂಟೆಯಲ್ಲಿ ನುಂಗಿ ಹಾಕಿದರೆ, ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗೆ ಮೀರಿ ನಡೆಯಿತು. ಗೆದ್ದದ್ದು ಬಣ್ಣವಿಲ್ಲದ್ದೇ. ಬಣ್ಣದ ಪರದೆಯ ತಮ್ಮನನ್ನೂ ಕೂಡಿಸಿಕೊಂಡು ೧೧ ಕೋಟಿ ೮೬ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಆ ೧೧ ಕೋಟಿಯಲ್ಲಿ ಒಂದು ಕಾಣಿಯೂರಿಗೂ ಬಂದಿತ್ತು. ೧೯೯೨ರ ಸುಮಾರಿಗೆ ನಮ್ಮ ಬಂಧುವೊಬ್ಬ ಮಸ್ಕತ್ತಿನಿಂದ ಬರುವಾಗ ಸೆಂಟು, ಟಾರ್ಚು, ಹಾಲುಪುಡಿಗಳ ಜತೆಯಲ್ಲಿ ಅದನ್ನು ತಂದಿದ್ದ. ಅಕ್ಕನ ಮನೆಯ ಜಗಲಿಯಲ್ಲಿ ಬೇಸಗೆ ರಜೆಯ ಮಕ್ಕಳು ಏಳೆಂಟು ಮಂದಿ, ಯಂತ್ರ ಒಂದು. ಒಬ್ಬ ಸೋತ ಕೂಡಲೇ ಮುಂದಿನವನ ಕೈಗೆ ಕೊಡಬೇಕೆಂದು ಅವರೇ ನಿಯಮ ಮಾಡಿಕೊಂಡರು. ಆಡುವವನ ಹೆಗಲ ಮೇಲೆ ಮೂರು ತಲೆ. 'ಬಲಕ್ಕೆ, ಬಲಕ್ಕೆ!' ಎಂದು ನೋಡುವವರೇ ಹೆಚ್ಚು ಕೂಗುತ್ತಿದ್ದರು. ಪರದೆಗೆ ಬೆಳಕಿಲ್ಲದ್ದರಿಂದ ಮುಸ್ಸಂಜೆಯಾಗುತ್ತಲೇ ಆಟ ತಾನಾಗಿ ನಿಲ್ಲುತ್ತಿತ್ತು. ಸೆಲ್ಲು ಮುಗಿದರೆ ಪುತ್ತೂರಿಗೆ ಹೋಗುವ ಯಾರಾದರೂ ತರುವವರೆಗೆ ಎರಡು ದಿನ ಕಾಯಬೇಕು. ಆ ಎರಡು ದಿನ ಹೊಳೆ, ಮಾವು, ಗೇರುಹಣ್ಣು. ಆ ಏಳೆಂಟು ಮಂದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಈಗ ಮಗನಿಗೆ 'ನನ್ನ ಫೋನಿನಲ್ಲಿ ಆಡು' ಎಂದ ಅಪ್ಪನೇ. ಅವನಿಗೆ ನಾನು ಇದನ್ನು ನೆನಪಿಸಿದೆ. 'ಆಗ ಫೋನು ಎಲ್ಲಿತ್ತು, ಮಾವ?' ಎಂದ. ನಾನೂ ಅದನ್ನೇ ಹೇಳುತ್ತಿದ್ದೇನೆ ಎಂದೆ.

ಗಲ್ಫಿನ ನೆಂಟರಿಲ್ಲದವರಿಗೆ ಜಾತ್ರೆಯಿತ್ತು. ತೊಂಬತ್ತರ ದಶಕದಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಗದ್ದೆಯಲ್ಲಿ, ಸುಬ್ರಹ್ಮಣ್ಯದ ಷಷ್ಠಿಯಲ್ಲಿ, ಬಳೆ ಬತ್ತಾಸುಗಳ ಪಕ್ಕದಲ್ಲಿ 'ಬ್ರಿಕ್ ಗೇಮ್' ಎಂಬ ಚೀನೀ ಆಟಿಕೆ ಬಂದು ಕೂತಿತು. ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ೧೯೮೪ರಲ್ಲಿ ರಚಿಸಿದ ಟೆಟ್ರಿಸ್ ಆಟದ ಕಳ್ಳನಕಲು. ಪೆಟ್ಟಿಗೆಯ ಮೇಲೆ '೯೯೯೯ ಆಟಗಳು' ಎಂದು ಬರೆದಿರುತ್ತಿತ್ತು. ಬಿಚ್ಚಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ವೇಗದಲ್ಲಿ ವೇಷ ಬದಲಿಸಿಕೊಂಡು ಬರುತ್ತಿದ್ದವು. ಶುದ್ಧ ಮೋಸ. ಆದರೆ ಮೋಸ ಅಲ್ಲಿಗೇ, ಕೊಂಡ ದಿನಕ್ಕೇ ಮುಗಿಯಿತು. ಮರುದಿನ ರಾತ್ರಿ ಅದು ಎದ್ದು ಬಂದು, 'ಇನ್ನು ೮೦ ರೂಪಾಯಿ ಕೊಟ್ಟರೆ ಉದ್ದನೆಯ ಇಟ್ಟಿಗೆ ಕೊಡುತ್ತೇನೆ' ಎಂದು ಹುಡುಗನ ಕಿವಿಯಲ್ಲಿ ಉಸುರಲಿಲ್ಲ.

ಫೋನೆಂಬುದೇ ಪಾಪಿ ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ೧೯೯೭ರಲ್ಲಿ ನೋಕಿಯಾ ಫೋನಿನಲ್ಲಿ ಹಾವಿನ ಆಟ ಬಂತು. ಫೋನಿನ ಬೆಲೆಯಲ್ಲೇ ಅದರ ಬೆಲೆಯೂ ಸೇರಿತ್ತು, ಜಾಹೀರಾತಿಲ್ಲ, ಲಂಚವಿಲ್ಲ, ಹಾವು ತನ್ನ ಬಾಲವನ್ನು ತಾನೇ ಕಚ್ಚಿತೆಂದರೆ ಆಟ ಮುಗಿಯಿತು. ಆ ಹಾವಿನ ಮೇಲೆ ನನಗೆ ಯಾವ ದೂರೂ ಇಲ್ಲ. ಅದೇ ಕಂಪೆನಿ ಮುಂದೆ ೨೦೦೩ರಲ್ಲಿ ಫೋನನ್ನೂ ಆಟದ ಯಂತ್ರವನ್ನೂ ಒಂದೇ ಮಾಡಹೊರಟು 'ಎನ್-ಗೇಜ್' ಎಂಬ ವಿಚಿತ್ರವನ್ನು ಹೊರತಂದಿತು. ಮಾತನಾಡಬೇಕಾದರೆ ಅದರ ಅಂಚನ್ನು ಕಿವಿಗಿಡಬೇಕು, ಕರಿಗಡುಬನ್ನು ನಿಲ್ಲಿಸಿ ಕಿವಿಗೊತ್ತಿಕೊಂಡ ಹಾಗೆ; ಆಟ ಬದಲಿಸಬೇಕಾದರೆ ಬ್ಯಾಟರಿಯನ್ನೇ ಕಳಚಬೇಕು. ಜಗತ್ತು ನಕ್ಕು ಅದನ್ನು ಮೂಲೆಗೆ ತಳ್ಳಿತು. ಎರಡನ್ನು ಕೂಡಿಸಬಾರದೆಂಬ ವಿವೇಕದಿಂದ ನಕ್ಕದ್ದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಕೂಡಿಸಿದ್ದು ಅಂದವಾಗಿಲ್ಲವೆಂದು ಮಾತ್ರ ನಕ್ಕಿತು.

ಅಂದವಾಗಿ ಕೂಡಿಸಿದವರು ಆಮೇಲೆ ಬಂದರು. ೨೦೦೮ರಲ್ಲಿ ಆಪಲ್ ಕಂಪೆನಿಯ ಆ್ಯಪ್ ಅಂಗಡಿ ತೆರೆಯಿತು. ೨೦೦೯ರಲ್ಲಿ, ಆಡುತ್ತಿರುವಾಗಲೇ ಆಟದೊಳಗಿಂದ ದುಡ್ಡು ತೆಗೆದುಕೊಳ್ಳುವ ಕಿಂಡಿ ತೆರೆಯಿತು. ಆಟದ ಸ್ವಭಾವ ಬದಲಾದದ್ದು ಅಂದಿನಿಂದ. ಹಿಂದೆ ಆಟಗಾರ ಮೊದಲೇ ಹಣ ಕೊಟ್ಟಿದ್ದ. ಆದ್ದರಿಂದ ಆಟ ಮಾಡಿದವನ ಚಿಂತೆಯೆಲ್ಲ ಅವನನ್ನು ಮೆಚ್ಚಿಸುವುದರಲ್ಲಿತ್ತು. ಈಗ ಆಟಗಾರ ಪುಕ್ಕಟೆಯಾಗಿ ಒಳಗೆ ಬಂದಿದ್ದಾನೆ. ಆಟ ಮಾಡಿದವನ ಚಿಂತೆಯೆಲ್ಲ ಅವನನ್ನು ಎಲ್ಲಿ ತಡೆದರೆ ಜೇಬಿಗೆ ಕೈ ಹಾಕುತ್ತಾನೆಂಬುದರಲ್ಲಿದೆ. ೨೦೧೨ರ ಕ್ಯಾಂಡಿ ಕ್ರಶ್ ಆಟವನ್ನೇ ನೋಡಿ. ನಮ್ಮ ಮನೆಗಳ ಅತ್ತೆಯಂದಿರೂ ಆಡುವ ಸಾಧು ಆಟ ಅದು. ೫ ಜೀವ ಕೊಡುತ್ತಾರೆ. ಅವು ಮುಗಿದರೆ ಒಂದು ಜೀವ ಮರಳಲು ೩೦ ನಿಮಿಷ ಕಾಯಬೇಕು. ಕಾಯಲಾರದಿದ್ದರೆ ದುಡ್ಡು ಕೊಡಬಹುದು. ಎಂದರೆ ಅವರು ಮಾರುವುದು ಆಟವನ್ನಲ್ಲ, ಕಾಯುವ ಸಂಕಟದಿಂದ ಬಿಡುಗಡೆಯನ್ನು. ಆ ಸಂಕಟವನ್ನು ತಯಾರಿಸುವವರೂ ಅವರೇ. ಕೊಡೆ ಮಾರುವವನು ಮಾಡಿನ ಹಂಚನ್ನು ತಾನೇ ತೆಗೆದ ಹಾಗೆ. ಆ ಆಟದ ಕಂಪೆನಿಯನ್ನು ೨೦೧೬ರಲ್ಲಿ ಮತ್ತೊಂದು ಕಂಪೆನಿ ಕೊಂಡಾಗ ತೆತ್ತ ಬೆಲೆ ೫೯೦ ಕೋಟಿ ಡಾಲರು. ಪುಕ್ಕಟೆ ವಸ್ತುವಿಗೆ ಈ ಬೆಲೆ ಎಲ್ಲಿಂದ ಬಂತೆಂದು ಸೊನ್ನೆಯ ಲೆಕ್ಕದವರು ಒಮ್ಮೆ ಯೋಚಿಸಬೇಕು. ಅದೇ ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರಜಾಲ ಅಗ್ಗವಾಯಿತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತಿದೆ.

ತಿಳಿದವರೊಬ್ಬರು ಇಲ್ಲಿ ನನ್ನನ್ನು ತಡೆದು, ನಾಣ್ಯ ಹಾಕಿ ಆಡುವ ಹಳೆಯ ಯಂತ್ರಗಳೂ ಜೀವ ಮಾರುತ್ತಿದ್ದವಲ್ಲ ಎಂದರು. ಮಾರುತ್ತಿದ್ದವು. ಆದರೆ ಆ ಯಂತ್ರ ಪೇಟೆಯ ಒಂದು ಮಳಿಗೆಯಲ್ಲಿರುತ್ತಿತ್ತು, ಮಳಿಗೆಗೆ ಬಾಗಿಲಿತ್ತು, ಹುಡುಗನ ಜೇಬಿನಲ್ಲಿ ಅವನಪ್ಪನ ಬ್ಯಾಂಕು ಇರಲಿಲ್ಲ.

ಸರಕಾರಗಳು ಸುಮ್ಮನೆ ಕೂತಿಲ್ಲ. ಆದರೆ ಅವು ಮಾಡುವುದನ್ನು ನೋಡಿದರೆ ನಗುವೂ ಬರುತ್ತದೆ. ೨೦೨೦ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು. ೨೦೨೧ರ ಜುಲೈಯಲ್ಲಿ ಅದೇ ಆಟ ಭಾರತದ ಹೆಸರನ್ನೇ ಹೊತ್ತುಕೊಂಡು ಮರಳಿತು. ೨೦೨೨ರಲ್ಲಿ ಮತ್ತೆ ಅಂಗಡಿಯಿಂದ ತೆಗೆದರು. ೨೦೨೩ರಲ್ಲಿ ಮತ್ತೆ ಬಂತು. ನಮ್ಮ ರಾಜ್ಯದ ಶಾಸನ ಸಭೆ ೨೦೨೧ರಲ್ಲಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ಅಸಿಂಧುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟೇ ಹಣದ ಆಟಗಳ ವಿರುದ್ಧ ಶಾಸನ ಮಾಡಿತು, ಕ್ರಿಕೆಟ್ ತಂಡದ ಎದೆಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರೂ ಹೋಯಿತು. ಸಂತೋಷ. ಆದರೆ ಆ ಶಾಸನದ ಕಣ್ಣಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಸೆಯ ಮೇಲೆ. ಹಣ ಕೊಟ್ಟು ಬರಿಯ ಬಣ್ಣದ ಕಲ್ಲನ್ನು, ಇನ್ನೊಂದು ಜೀವವನ್ನು, ಹೊಸದೊಂದು ಅಂಗಿಯನ್ನು ಕೊಳ್ಳುವ ೧೨ ವರ್ಷದವನಿಗೆ ಗೆಲ್ಲುವ ಆಸೆ ಎಲ್ಲಿದೆ? ಅವನು ಕಳೆದುಕೊಳ್ಳಲೆಂದೇ ಕೊಡುತ್ತಾನೆ.

ಚೀನಾದವರು ೨೦೨೧ರಲ್ಲಿ ಹದಿನೆಂಟು ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾದಿನಗಳಲ್ಲಿ ರಾತ್ರಿ ೮ರಿಂದ ೯ರವರೆಗೆ ಮಾತ್ರ ಆನ್‌ಲೈನ್ ಆಟ ಎಂದು ವಿಧಿಸಿದ್ದಾರೆ. ಅದನ್ನು ನಡೆಸಲು ನಿಜನಾಮದ ನೋಂದಣಿ, ಕಂಪೆನಿಗಳ ಮೇಲೆ ಕಾವಲು, ಒಂದು ಮಹಾ ಸರಕಾರದ ಬಾಹುಬಲ ಎಲ್ಲವೂ ಬೇಕಾಗಿದೆ. ನಮ್ಮ ಅಜ್ಜಿಗೆ ಒಂದು ಏಣಿ ಸಾಕಾಗಿತ್ತು.

ಈಗ ನನ್ನ ಪಕ್ಷದವರಿಗೂ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ ಕೈಯಾಟದ ಯಂತ್ರಗಳ ಭಕ್ತರಿದ್ದಾರೆ. ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟಿನ ಮಳಿಗೆಗಳಲ್ಲಿ ಹಳೆಯ ಆಟದ ಬಿಲ್ಲೆಗಳನ್ನು ಹುಡುಕುವ ಇವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಬಸ್ಸಿನಲ್ಲಿ ಫೋನು ಹಿಡಿದು ಆಡುವವನನ್ನು ಕಂಡು 'ಇವನೂ ಒಬ್ಬ ಆಟಗಾರನೇ?' ಎಂದು ಮೂಗು ಮುರಿಯುತ್ತಾರೆ. ನಿಜವಾದ ಗುಂಡಿಗಳಿರುವ ಯಂತ್ರದಲ್ಲಿ ಆಡುವವನು ಕುಲೀನ, ಗಾಜನ್ನು ತಿಕ್ಕುವವನು ಅಕುಲೀನ ಎಂಬ ಹೊಸ ಜಾತಿಭೇದ. ಇದರಲ್ಲಿ ನನಗೆ ಪಾಲು ಬೇಡ. ಅವರ ಯಂತ್ರಗಳಲ್ಲೂ ಆಟದೊಳಗಿನ ಅಂಗಡಿಗಳು ಮೆಲ್ಲನೆ ಕಾಲಿಡುತ್ತಿರುವುದನ್ನು ಅವರೇ ಬಲ್ಲರು. ನನ್ನ ವಾದ ಗುಂಡಿಯ ಪರವಾಗಿ ಅಲ್ಲ. ಬೇರೆಯಾಗಿರುವ ವಸ್ತುವಿನ ಪರವಾಗಿ.

ಬೆಲೆಯ ಪ್ರಶ್ನೆ ಉಳಿದಿದೆ. ಅದು ಹಗುರವಾದ ಪ್ರಶ್ನೆಯಲ್ಲ. ಮನೆಗೊಂದೇ ಫೋನಿರುವ ಕೂಲಿಯವರ ಮಗುವಿಗೆ ಹತ್ತಾರು ಸಾವಿರದ ಯಂತ್ರ ಕೊಡಿಸಿರೆಂದು ನಾನು ಹೇಳಿದರೆ ನನ್ನ ತಲೆ ನೆಟ್ಟಗಿಲ್ಲವೆಂದೇ ಅರ್ಥ. ಆ ಮನೆಗೆ ನೂರಿನ್ನೂರು ರೂಪಾಯಿಯ ಇಟ್ಟಿಗೆಯಾಟವೇ ಸಾಕು. ಚೆನ್ನೆಮಣೆಯಾದರೆ ಮರದ ತುಂಡು ಮತ್ತು ಬಡಗಿಯ ಅರ್ಧ ದಿನ. ನಾನು ಮಾತನಾಡುತ್ತಿರುವುದು ತಿಂಗಳು ತಿಂಗಳೂ ಫೋನಿಗೆ ಕಟ್ಟುವ, ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವ, ಮಗನ ಟ್ಯೂಷನ್ನಿಗೆ ಲೆಕ್ಕ ನೋಡದೆ ಕೊಡುವ ನಮ್ಮಂಥವರ ಬಗ್ಗೆ. ನಮ್ಮಲ್ಲಿ ಯಂತ್ರ ಬೇಡವೆನ್ನಲು ಹಣ ಕಾರಣವಲ್ಲ. 'ಆಟಕ್ಕೆ' ದುಡ್ಡು ಕೊಟ್ಟೆವೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ನಾಚಿಕೆ. ಫೋನು ಕೊಂಡರೆ ವಿದ್ಯೆಗೆ, ವ್ಯವಹಾರಕ್ಕೆ ಎನ್ನಬಹುದು. ಬಹಿರಂಗವಾಗಿ ಕೊಡಲು ನಾಚಿದ ಹಣ ಗುಟ್ಟಾಗಿ ಸೋರಿಹೋಗುತ್ತದೆ, ಅಷ್ಟೆ. ನನ್ನ ಅಕ್ಕನ ಮಗನಂತೂ ಮೊನ್ನೆ ಬಾಯಿಬಿಟ್ಟು ಹೇಳಿಯೇಬಿಟ್ಟ: 'ಆ ಒಂಬತ್ತು ಸಾವಿರ ಹೋದದ್ದು ಯಾರಿಗೂ ಕಾಣುವುದಿಲ್ಲ ಮಾವ, ಯಂತ್ರ ತಂದರೆ ಊರಿಗೆಲ್ಲ ಕಾಣುತ್ತದೆ.'

ಕಾಣಲಿ. ಜಗಲಿಯಲ್ಲೇ ಇರಲಿ. ಯಂತ್ರ ಕೈಯಲ್ಲಿದ್ದರೆ ಹುಡುಗ ಆಡುತ್ತಿದ್ದಾನೆಂದು ಮನೆಗೆಲ್ಲ ತಿಳಿಯುತ್ತದೆ. ಫೋನು ಕೈಯಲ್ಲಿದ್ದರೆ ಅವನು ಓದುತ್ತಿದ್ದಾನೋ, ಆಡುತ್ತಿದ್ದಾನೋ, ಯಾರಿಗೋ ಹಣ ಕಳಿಸುತ್ತಿದ್ದಾನೋ ಹೆತ್ತ ತಾಯಿಗೂ ತಿಳಿಯುವುದಿಲ್ಲ. ಕೇಳಿದರೆ 'ಮನೆಗೆಲಸ' ಎನ್ನುತ್ತಾನೆ. ಅರ್ಧ ಹೊತ್ತು ಅದು ನಿಜವೂ ಆಗಿರುತ್ತದೆ. ಹೀಗೆ ಅರ್ಧ ನಿಜ ಹೇಳುವುದನ್ನು ದಿನಕ್ಕೆ ಮೂರು ಸಲ ಅಭ್ಯಾಸ ಮಾಡಿಸುತ್ತಿರುವವರು ನಾವು.

ಆಟಿ ಬಂತೆಂದರೆ ಈಗ ಊರೂರಿನಲ್ಲೂ 'ಆಟಿಡೊಂಜಿ ದಿನ' ನಡೆಯುತ್ತದೆ. ವೇದಿಕೆಯ ಮೇಲೆ ಹೊಸ ಪಾಲಿಷು ಹಾಕಿದ ಚೆನ್ನೆಮಣೆ, ಗಣ್ಯರು ನಾಲ್ಕು ಕಾಯಿ ಹಾಕಿ ಉದ್ಘಾಟಿಸುತ್ತಾರೆ, ಪತ್ರೊಡೆ ತಿನ್ನುತ್ತಾರೆ, ಎಲ್ಲವನ್ನೂ ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಹಿಂದಿನ ಸಾಲಿನ ಮಕ್ಕಳು ತಲೆ ತಗ್ಗಿಸಿ ಅವೇ ಫೋನುಗಳಲ್ಲಿ ಆಡುತ್ತಿರುತ್ತಾರೆ. ಮಣೆಯನ್ನು ಸಂಸ್ಕೃತಿಯೆಂದು ಪೂಜಿಸಿ ಅದರ ಕಟ್ಟಳೆಯನ್ನು ಮರೆತ ಈ ಸಂಭ್ರಮದಿಂದ ಯಾರಿಗೆ ಏನು ಲಾಭವೋ ತಿಳಿಯದು. ಮಕ್ಕಳು ಚೆನ್ನೆಯನ್ನೇ ಆಡಬೇಕೆಂಬ ಹಟ ನನಗಿಲ್ಲ. ಅವರು ಜಪಾನಿನ ಮೀಸೆಯ ಕೊಳಾಯಿಗಾರನನ್ನು ಬೇಕಾದರೆ ಕುಣಿಸಲಿ. ಅವನು ಒಳ್ಳೆಯವನು, ನಾನು ಪರಿಚಯ ಮಾಡಿಕೊಂಡಿದ್ದೇನೆ.

ನನ್ನ ಬೇಡಿಕೆ ಸಣ್ಣದು, ಮತ್ತು ಅದು ಮಕ್ಕಳಲ್ಲಿ ಅಲ್ಲ, ಶಾಲೆಗಳಲ್ಲಿ. ಮನೆಗೆಲಸವನ್ನು ವಾಟ್ಸಾಪಿನಲ್ಲಿ ಕಳಿಸುವ ಪದ್ಧತಿಯನ್ನು ನಿಲ್ಲಿಸಬೇಕು. ಕೊರೋನ ಕಾಲಕ್ಕೆ ಅದು ಅನಿವಾರ್ಯವಾಗಿತ್ತು. ಈಗ ಬರಿಯ ಸೋಮಾರಿತನ. ಕರಿಹಲಗೆಯ ಮೇಲೆ ಬರೆದರೆ ಹುಡುಗರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಗ ಸಂಜೆ ೬ ಗಂಟೆಗೆ 'ಫೋನು ಕೊಡಿ, ಶಾಲೆಯದು' ಎಂದು ಕೇಳುವ ಕಾರಣವೇ ಇರುವುದಿಲ್ಲ. ಆ ಒಂದು ಬಾಗಿಲನ್ನು ಶಾಲೆಯವರು ಮುಚ್ಚಿಕೊಟ್ಟರೆ, ಆಟದ ಯಂತ್ರವನ್ನು ಎಷ್ಟು ಹೊತ್ತಿಗೆ ಇಳಿಸಬೇಕು, ಎಷ್ಟು ಹೊತ್ತಿಗೆ ಮೇಲಿಡಬೇಕೆಂಬುದನ್ನು ಮನೆಯವರು ನೋಡಿಕೊಳ್ಳುತ್ತಾರೆ. ಅಕ್ಕನ ಮನೆಯ ಅಟ್ಟದಲ್ಲಿ ಜಾಗ ಬೇಕಾದಷ್ಟಿದೆ.